ಜಿಲ್ಲಾ ಕೇಂದ್ರ ಕೇಳುತ್ತಿದ್ದವರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಪಾಪ, ನಮ್ಮವ್ವ ಇವರನ್ನು ನೋಡಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಂತು. ನಾಸಿಕ್ ಮತ್ತು ಸಂಭಾಜಿನಗರ ಎರಡೂ ಊರಿನ ಕನ್ನಡಿಗರು ಇರುವ ಗುಂಪು ಅದು. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಒಬ್ಬರು ಅವರನ್ನು ನಡೆದಾಡುವ ನಕಾಶೆ ಎಂದು ಬರೆದರು. ಇನ್ನೊಬ್ಬರು, ಇನ್ನು ನಮ್ಮ ಮಕ್ಕಳಿಗೆ ತಾಯ್ನಾಡಿನ ಜಿಲ್ಲೆಗಳ ಹೆಸರು ಹೇಳಿಕೊಡುವವರು ಯಾರು ಎಂದು ಕಣ್ಣೀರು ಹಾಕಿದರು. ನಾನೂ ರೂಢಿಯಂತೆ ಒಂದು ಕೈಮುಗಿದ ಚಿತ್ರ ಒತ್ತಿದೆ. ಆಮೇಲೆ ಅಳಿಸಿದೆ. ಅಳಿಸಿದ್ದು ಎಲ್ಲರಿಗೂ ಕಾಣುತ್ತದೆ ಎಂದು ಗೊತ್ತಿದ್ದೇ ಅಳಿಸಿದೆ.

ಅವರನ್ನು ಮೊದಲು ಕಂಡದ್ದು ನಾಸಿಕ್‌ನಲ್ಲಿ. ಬ್ಯಾಂಕಿನವರು ನನ್ನನ್ನು ಹುಬ್ಬಳ್ಳಿಯಿಂದ ಎತ್ತಿ ಅಲ್ಲಿಗೆ ಒಗೆದ ಹೊಸತು. ಯಾರ ಬಾಯಿಂದಲಾದರೂ ನಾಲ್ಕು ಮಾತು ಕನ್ನಡ ಕೇಳಿದರೆ ಸಾಕು ಎನ್ನುವ ಸ್ಥಿತಿ. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಒಂದು ಮಂಗಲ ಕಾರ್ಯಾಲಯದಲ್ಲಿ ಸೇರುತ್ತಾರೆ ಎಂದು ಕೇಳಿ ಇಳಕಲ್ ಸೀರೆ ಉಟ್ಟು ಹೋದೆ. ಬಾಗಿಲಲ್ಲಿ ಬೂದು ಸಫಾರಿ ತೊಟ್ಟವರೊಬ್ಬರು ನಿಂತಿದ್ದರು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ದೊಡ್ಡ ಅಧಿಕಾರಿ, ಸಂಘದ ಅಧ್ಯಕ್ಷರೂ ಅವರೇ ಎಂದು ಆಮೇಲೆ ತಿಳಿಯಿತು. ನಮಸ್ಕಾರ ಎಂದೆ. ಅವರು ಹೆಸರು ಕೇಳಲಿಲ್ಲ.

"ಯಾವ ಜಿಲ್ಲಾ?"

"ಧಾರವಾಡ ಜಿಲ್ಲಾರೀ. ಹುಬ್ಬಳ್ಳಿ."

"ಜಿಲ್ಲಾ ಕೇಂದ್ರ ಯಾವುದು?"

"ಧಾರವಾಡನ ಅಲ್ರೀ."

"ಹಾಂ. ನಾವು ಖಾಸ ಧಾರವಾಡದವರು. ನಿಮ್ಮ ಹುಬ್ಬಳ್ಳಿ ಎಷ್ಟ ದೊಡ್ಡದಾದ್ರೂ ಡಿ.ಸಿ. ಕೂಡೂದು ನಮ್ಮಲ್ಲೆ. ಹೋಗ್ರಿ, ಒಳಗ ಕೂಡ್ರಿ."

ಡಿ.ಸಿ.ಯನ್ನು ತಾವೇ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿ ಬಂದವರ ಗತ್ತು. ಅಂದಿನಿಂದ ನಾನು ಅವರ ಬಾಯಲ್ಲಿ ಹುಬ್ಬಳ್ಳಿ ಬಾಯಿ ಆದೆ. ನನ್ನ ಹೆಸರು ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ ಎಂದು ನನ್ನ ಅನುಮಾನ. ಸಂಘದಲ್ಲಿ ಯಾರಿಗೂ ಹೆಸರಿರಲಿಲ್ಲ. "ಏ ಕಲಬುರ್ಗಿ, ಮೈಕ್ ಸರಿ ಮಾಡು", "ಹಾಸನ, ನೀ ದೀಪಕ್ಕ ಎಣ್ಣಿ ಹಾಕು" ಎಂದು ಕೂಗುತ್ತಿದ್ದರು. ಹೆಂಡತಿಯನ್ನೂ ಗದಗ ಎಂದೇ ಕರೆಯುತ್ತಿದ್ದರು. ಮದುವೆಯಾದಾಗ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಬಳಿಕ ಬೇರೆ ಜಿಲ್ಲೆ ಆಯಿತು. "ಮದುವ್ಯಾದಾಗ ಇಕಿ ನಮ್ಮ ಕೈಯಾಗ ಇದ್ಲು, ಆಮ್ಯಾಲ ಬ್ಯಾರೆ ಸಂಸಾರ ಹೂಡಿದ್ಲು" ಎಂದು ಎಲ್ಲರೆದುರು ಹೇಳಿ ನಗುತ್ತಿದ್ದರು. ಆ ಹೆಣ್ಣುಮಗಳು ಚಹದ ತಟ್ಟೆ ಹಿಡಿದು ಮುಂದಿನ ಸಾಲಿಗೆ ಹೋಗುತ್ತಿದ್ದರು.

ಜಿಲ್ಲೆಯ ಹೆಸರು ಒಂದು, ಅದರ ಕೇಂದ್ರದ ಹೆಸರು ಇನ್ನೊಂದು ಇದ್ದರೆ ಅವರಿಗೆ ಹೋಳಿಗೆ ತುಪ್ಪ ಉಂಡಷ್ಟು ಖುಷಿ. ಉತ್ತರ ಕನ್ನಡಕ್ಕೆ ಕಾರವಾರ, ಕೊಡಗಿಗೆ ಮಡಿಕೇರಿ, ದಕ್ಷಿಣ ಕನ್ನಡಕ್ಕೆ ಮಂಗಳೂರು. ಮಹಾರಾಷ್ಟ್ರಕ್ಕೆ ಬಂದ ಮೇಲೆ ಈ ಕಡೆಯದೂ ಕಲಿತುಕೊಂಡಿದ್ದರು. "ರಾಯಗಡ ಜಿಲ್ಲಾದವ ರಾಯಗಡಕ್ಕ ಹೋಗಿ ಕಲೆಕ್ಟರನ್ನ ಹುಡುಕಿದ್ರ ಕೋಟೆ ಕಲ್ಲು ಸಿಗತಾವ, ಕಲೆಕ್ಟರ್ ಸಿಗಂಗಿಲ್ಲ. ಅಂವ ಅಲಿಬಾಗದಾಗ ಇರತಾನ. ಹೆಸರೊಂದ ಕಡೆ, ಕುರ್ಚಿ ಒಂದ ಕಡೆ!" ಈ ಕೊನೆಯ ಮಾತನ್ನು ಅವರು ಸಂಘದ ಪ್ರತಿ ಸಭೆಯಲ್ಲೂ ಒಮ್ಮೆಯಾದರೂ ಹೇಳುತ್ತಿದ್ದರು. ಹೇಳುವಾಗ ಎರಡು ಬೆರಳು ಜೋಡಿಸಿ ಗಾಳಿಯಲ್ಲಿ ಗುಂಡುಸೂಜಿ ಚುಚ್ಚಿದಂತೆ ಮಾಡುತ್ತಿದ್ದರು. ಎದುರಿನವರು ತಪ್ಪು ಉತ್ತರ ಕೊಟ್ಟರೆ ಬೈಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಸಣ್ಣಗೆ ನಗುತ್ತಿದ್ದರು. ಬೈದಿದ್ದರೆ ವಾಸಿ ಇತ್ತು.

ವಿಷಯ ಸುಳ್ಳಲ್ಲ, ಸ್ವಾರಸ್ಯವೂ ಹೌದು. ನನಗೂ ಕೇಳಲು ಚೆನ್ನಾಗಿಯೇ ಇತ್ತು, ಮೊದಲನೆಯ ವರ್ಷ. ಆದರೆ ಅವರಿಗೆ ಅದು ಸ್ವಾರಸ್ಯವಾಗಿರಲಿಲ್ಲ, ಎದುರಿನವರನ್ನು ನೆಲಕ್ಕೆ ಕೆಡವುವ ಪಟ್ಟಾಗಿತ್ತು. ಅದನ್ನು ನಾನು ಆ ರಾಜ್ಯೋತ್ಸವದ ಊಟದಲ್ಲೇ ನೋಡಿದೆ.

ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನ ನಾಸಿಕ್ ತುಂಬ ಇದ್ದಾರೆ. ರಾಜ್ಯೋತ್ಸವದ ಊಟಕ್ಕೆ ಅವರೂ ಮಕ್ಕಳು ಮರಿ ಕಟ್ಟಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಈ ಜನಕ್ಕೆ ಒಂದು ರೂಢಿ ಇದೆ. ಊರು ಯಾವುದು ಎಂದರೆ ತಮ್ಮ ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿನ ಗುತ್ತಿಗೆದಾರನಿಗೆ ತಿಳಿಯುತ್ತದೆಯೆ? ಆದ್ದರಿಂದ ಸುತ್ತಮುತ್ತ ಯಾವುದು ದೊಡ್ಡ ಹೆಸರೋ ಅದನ್ನು ಹೇಳಿಬಿಡುತ್ತಾರೆ. ಬಾಗಲಕೋಟೆಯವನೂ ಬಿಜಾಪುರ, ಬಸವನಬಾಗೇವಾಡಿಯವನೂ ಬಿಜಾಪುರ. ಪರಊರಲ್ಲಿ ಬದುಕುವವರು ಹೀಗೆಯೇ ಹೇಳುವುದು. ನಾವು ಬ್ಯಾಂಕಿನವರೂ ರೈಲಿನಲ್ಲಿ ಯಾರಾದರೂ ಕೇಳಿದರೆ ಬೆಂಗಳೂರು ಎಂದುಬಿಡುವುದಿಲ್ಲವೆ?

ಆ ದಿನ ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸೊಬ್ಬಳು ತಟ್ಟೆ ಹಿಡಿದು ನಿಂತಿದ್ದಳು. ಇವರು ಅಡ್ಡ ಬಂದರು. ಯಾವ ಜಿಲ್ಲಾ? ಬಿಜಾಪುರ್ರೀ. ಊರು? ಅವಳು ಊರಿನ ಹೆಸರು ಹೇಳಿದಳು. "ಅದು ಬಾಗಲಕೋಟಿ ಜಿಲ್ಲಾ ಆಗಿ ಎಷ್ಟ ವರ್ಷ ಆತು? ತಮ್ಮ ಜಿಲ್ಲಾ ಗೊತ್ತಿಲ್ಲದವರೆಲ್ಲಾ ರಾಜ್ಯೋತ್ಸವಕ್ಕ ಬರತಾರ. ಊಟದ ರಾಜ್ಯೋತ್ಸವ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕೂಸು ಅಳತೊಡಗಿತು. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಮುಂದಿನ ವರ್ಷ ಹಿಂದಿನ ಸಾಲಿನಲ್ಲಿ ಅರ್ಧ ಕುರ್ಚಿ ಖಾಲಿ. ನಮ್ಮ ಜನಕ್ಕೆ ಭಾಷಾಭಿಮಾನವೇ ಇಲ್ಲ ಎಂದು ಅವರು ಭಾಷಣ ಮಾಡಿದರು.

ಒಮ್ಮೆ ಅವರೊಂದಿಗೆ ಎಸ್.ಟಿ. ಬಸ್ಸಿನಲ್ಲಿ ನಾಸಿಕ್‌ನಿಂದ ಸಂಭಾಜಿನಗರಕ್ಕೆ ಹೋಗುವ ಗ್ರಹಚಾರ ಬಂತು. ನನಗೆ ಕಿಟಕಿಗೆ ಒರಗಿ ಮಲಗುವ ಆಸೆ. ಅವರು ಬಿಡಲಿಲ್ಲ. ಇದೀಗ ನಿಫಾಡ ತಾಲೂಕು ಮುಗಿಯಿತು, ಇದೀಗ ಯೇವಲಾ ಬಂತು ಎಂದು ಭುಜ ತಟ್ಟಿ ಎಬ್ಬಿಸುವುದು. ಯೇವಲಾದಲ್ಲಿ ಪೈಠಣಿ ಸೀರೆಯ ಗಂಟು ಹಿಡಿದು ಹತ್ತಿದ ಮುದುಕಿಗೂ ಜಾಗ ಕೊಡುವ ಮೊದಲು ಜಿಲ್ಲೆ ಕೇಳಿದರು. ಕಂಡಕ್ಟರನನ್ನೂ ಹಿಡಿದರು. ನಾಸಿಕ್ ಜಿಲ್ಲೆಯಲ್ಲಿ ಒಂದು ತಾಲೂಕಿದೆ, ಆ ಹೆಸರಿನ ಊರೇ ಇಲ್ಲ, ಯಾವುದು ಹೇಳು? ಬಾಗಲಾಣ ತಾಲೂಕು, ಕಚೇರಿ ಇರುವುದು ಸಟಾಣೆಯಲ್ಲಿ ಎಂಬುದು ಉತ್ತರ. ಕಂಡಕ್ಟರ್ ಅವರ ಮುಖವನ್ನೇ ನೋಡಿ, "ಸುಟ್ಟೇ ದ್ಯಾ ಸಾಹೇಬ್" ಎಂದು ಚಿಲ್ಲರೆ ಕೇಳಿ ಮುಂದೆ ಹೋದ. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ಅವರ ಸಹವಾಸದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ಪಾಪಿ ಸಮುದ್ರಕ್ಕೆ ಹೋದರೂ ಮೊಳಕಾಲುದ್ದ ನೀರಂತೆ. ಬ್ಯಾಂಕು ನನ್ನನ್ನು ಸಂಭಾಜಿನಗರಕ್ಕೆ ಹಾಕಿತು. ಹೋಗಿ ನೋಡಿದರೆ ಅವರು ನನಗಿಂತ ಮೊದಲೇ ಅಲ್ಲಿಗೆ ವರ್ಗವಾಗಿ, ನಿವೃತ್ತರೂ ಆಗಿ, ಮನೆ ಮಾಡಿ ಕೂತಿದ್ದರು. ಅಲ್ಲಿಯ ಸಂಘವೂ ಅವರ ಕೈಗೆ ಬಂದಿತ್ತು. ಸಂಭಾಜಿನಗರದ ಸೀಮೆಯಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲೂಕಿದೆ. ಹೊಸದಾಗಿ ವರ್ಗವಾಗಿ ಬಂದ ಪ್ರತಿಯೊಬ್ಬ ಕನ್ನಡಿಗನೂ ಮೊದಲ ವಾರ ಅದರ ಮೇಲೆ ಒಂದು ನಗೆಚಾಟಿಕೆ ಹಾರಿಸುತ್ತಾನೆ. ಇವರು ವರ್ಷಗಟ್ಟಲೆ ಅದನ್ನೇ ಹಾರಿಸುತ್ತಿದ್ದರು, ಮತ್ತು ನಾವು ಪ್ರತಿ ಸಲವೂ ನಗಬೇಕಿತ್ತು. ನಾವಿದ್ದಾಗಲೇ ಊರಿನ ಹೆಸರು ಬದಲಾಯಿತು, ಬಳಿಕ ಜಿಲ್ಲೆಯದೂ ಬದಲಾಯಿತು. ನಲವತ್ತು ವರ್ಷ ಬಾಯಿಗೆ ಹತ್ತಿದ ಹೆಸರು ಯಾರಿಗಾದರೂ ನಾಲಿಗೆ ಜಾರಿ ಬರುತ್ತದೆ. ಸಂಘದ ಸಭೆಯಲ್ಲಿ ಹಳೆಯ ಹೆಸರು ಹೇಳಿದವರನ್ನು ಅವರು ಶಾಲೆಯ ಹುಡುಗರಂತೆ ಎದ್ದು ನಿಲ್ಲಿಸುತ್ತಿದ್ದರು. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರೊಬ್ಬರು ಮೊಳಕಾಲು ನೋವಿನಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ.

ಇದೆಲ್ಲ ಆದರೂ ಅವರನ್ನು ಒಬ್ಬ ಪೀಡೆ ಎಂದು ಮರೆತುಬಿಡುತ್ತಿದ್ದೆ. ಪ್ರತಿ ಸಂಘದಲ್ಲೂ ಇಂಥವರು ಒಬ್ಬರು ಇರುತ್ತಾರೆ. ಕೊಟ್ರಮ್ಮನ ಸಂಗತಿ ನಡೆಯದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಕೊಟ್ರಮ್ಮನ ಅಪ್ಪ ಟೈಲ್ಸ್ ಕೂರಿಸುವ ಮೇಸ್ತ್ರಿ. ಹರಪನಹಳ್ಳಿ ಕಡೆಯವನು. ನಾಸಿಕ್‌ನಲ್ಲಿ ನನ್ನ ಬಾಡಿಗೆ ಮನೆಯ ಬಚ್ಚಲಿಗೆ ನೆಲ ಹಾಕಲು ಬಂದಾಗ ಮಗಳೂ ಜೊತೆಗೆ ಬಂದಿದ್ದಳು. ಆಗ ಇನ್ನೂ ಶಾಲೆಯ ಹುಡುಗಿ. ನನಗೆ ಮರಾಠಿ ಬಾರದ ಕಾಲ. ಕರೆಂಟ್ ಬಿಲ್ಲು ಓದಿ ಹೇಳಿದವಳು, ತರಕಾರಿಯವನ ಜೊತೆ ಜಗಳ ಆಡಿಕೊಟ್ಟವಳು ಅವಳೇ. ಹುಟ್ಟಿ ಬೆಳೆದದ್ದೆಲ್ಲ ನಾಸಿಕ್‌ನ ಕಟ್ಟಡಗಳ ಬುಡದಲ್ಲಿ. ಮರಾಠಿ ಅರಳು ಹುರಿದಂತೆ ಆಡುತ್ತಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ತಡವರಿಸುತ್ತಿದ್ದಳು. ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ ಅವಳಿಗೆ ಸಂಭಾಜಿನಗರದಲ್ಲಿ ಎರಡು ವರ್ಷದ ನರ್ಸಿಂಗ್ ಕೋರ್ಸಿಗೆ ಸೀಟು ಸಿಕ್ಕಿತು. ಫೋನಿನಲ್ಲಿ ಅವಳ ಕೂಗಿಗೆ ನನ್ನ ಕಿವಿ ತೂತು ಬಿತ್ತು.

ಆದರೆ ಇರುವುದು ಎಲ್ಲಿ? ಕಾಲೇಜಿನ ಹಾಸ್ಟೆಲ್ ತುಂಬಿತ್ತು. ಹೊರಗೆ ರೂಮು ಮಾಡಿ ಹರೆಯದ ಮಗಳನ್ನು ಬಿಡಲು ಅಪ್ಪ ಒಪ್ಪಲಿಲ್ಲ. ಇರಲು ಭದ್ರವಾದ ಜಾಗ ಸಿಕ್ಕರೆ ಓದು, ಇಲ್ಲವಾದರೆ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ನಮ್ಮ ಸಂಘದ್ದೊಂದು ಪುಟ್ಟ ಹೆಣ್ಣುಮಕ್ಕಳ ವಸತಿಗೃಹ ಇತ್ತು, ಕರ್ನಾಟಕ ಮೂಲದ ಮನೆಯ ಹುಡುಗಿಯರಿಗಾಗಿಯೇ ಇದ್ದದ್ದು. ಒಂದು ಹಾಸಿಗೆ ಖಾಲಿ ಇತ್ತು. ಆಯ್ಕೆ ಸಮಿತಿಯಲ್ಲಿ ಅವರು, ಖಜಾಂಚಿ ಮತ್ತು ನಾನು. ನಾನು ಧೈರ್ಯವಾಗಿ ಅರ್ಜಿ ಹಾಕಿಸಿದೆ.

ಸಂದರ್ಶನದ ದಿನ ಅಪ್ಪ, ಮಗಳು ಇಬ್ಬರೂ ಬಂದರು. ಹುಡುಗಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿಕೊಂಡಿದ್ದಳು. ಇವರು ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ಅಪ್ಪನ ಹಳೆಯ ರೇಷನ್ ಕಾರ್ಡಿನಲ್ಲಿ ದಾವಣಗೆರೆ ಜಿಲ್ಲೆ ಎಂದಿತ್ತು. ಅವ್ವನ ವೋಟರ್ ಕಾರ್ಡಿನಲ್ಲಿ ಬಳ್ಳಾರಿ. ಹುಡುಗಿ ಬೇಸಿಗೆಯಲ್ಲಿ ಊರಿಗೆ ಹೋಗಿ ಮಾಡಿಸಿಕೊಂಡು ಬಂದಿದ್ದ ಜಾತಿ ಪ್ರಮಾಣಪತ್ರದಲ್ಲಿ ವಿಜಯನಗರ.

"ಅಪ್ಪ ದಾವಣಗೆರಿ, ಅವ್ವ ಬಳ್ಳಾರಿ, ಮಗಳು ವಿಜಯನಗರ. ಒಂದ ಮನ್ಯಾಗ ಮೂರು ಜಿಲ್ಲಾ! ನಿನ್ನ ಮದುವಿ ಎಲ್ಲಾತೋ ಮೇಸ್ತ್ರಿ, ಗಡಿ ಮ್ಯಾಲ?"

ಖಜಾಂಚಿ ನಕ್ಕ. ಮೇಸ್ತ್ರಿಯೂ ನಗಬೇಕೇನೋ ಎಂದುಕೊಂಡು ನಕ್ಕ. "ಇಲ್ರೀ ಸಾಹೇಬ್ರ, ಎಲ್ಲಾ ಒಂದಾ ಊರ್ರೀ. ಊರೇನು ಎಲ್ಲೂ ಹೋಗಿಲ್ರೀ" ಎಂದ.

"ನಿನ್ನ ಕೇಳಲಿಲ್ಲ. ಹುಡುಗಿ ಹೇಳಲಿ. ಯಾವ ಜಿಲ್ಲಾ ನಿಂದು?"

"ವಿಜಯನಗರ್ರೀ ಸರ."

"ಜಿಲ್ಲಾ ಕೇಂದ್ರ ಯಾವುದು?"

ಕೊಟ್ರಮ್ಮ ನನ್ನ ಕಡೆ ನೋಡಿದಳು. "ವಿಜಯನಗರನ ಅಲ್ರೀ?" ಎಂದಳು.

ಅವರು ಕಣ್ಣು ಮುಚ್ಚಿಕೊಂಡು ನಕ್ಕರು. "ಮತ್ತ ಅಪ್ಪಂದು ದಾವಣಗೆರಿ ಯಾಕ?"

"ಮಲಾ ಮಾಹೀತ್ ನಾಹೀ" ಎಂದಳು. ಗೊತ್ತಿಲ್ಲ ಎನ್ನಲು ಗಾಬರಿಯಲ್ಲಿ ಮರಾಠಿ ಬಂದುಬಿಟ್ಟಿತ್ತು.

"ಆತಲ್ಲ. ತನ್ನ ಜಿಲ್ಲಾ ಗೊತ್ತಿಲ್ಲ, ಕನ್ನಡ ಬರಂಗಿಲ್ಲ, ಕಾಗದ ಒಂದಕ್ಕೊಂದು ತಾಳ ಇಲ್ಲ. ಸುಳ್ಳ ಹೇಳಾಕ ಬಂದವರು ಮೊದಲು ಒಂದ ಊರು ಗಟ್ಟಿ ಮಾಡ್ಕೋಬೇಕು."

ಜಿಲ್ಲೆಗಳು ಒಡೆಯುತ್ತವೆ, ಕೂಡುತ್ತವೆ, ಹಳೆಯ ಕಾಗದದಲ್ಲಿ ಹಳೆಯ ಹೆಸರು ಇರುವುದರಲ್ಲಿ ತಪ್ಪೇನಿದೆ ಎಂದು ನಾನು ವಾದಿಸಿದೆ. "ಹಂಗಿದ್ರ ಅಕಿ ಹೇಳಲಿ, ನೀವ್ಯಾಕ ಹೇಳತೀರಿ?" ಎಂದರು. ಖಜಾಂಚಿ ಎಂದಿನಂತೆ ತಲೆಯಾಡಿಸಿದ. ಅರ್ಜಿ ಬಿದ್ದುಹೋಯಿತು. ಮೇಸ್ತ್ರಿ ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು, ಸುಳ್ಳುಗಾರ ಎನಿಸಿಕೊಂಡೇ, ಎಲ್ಲರಿಗೂ ನಮಸ್ಕಾರ ಹೇಳಿ ಹೋದ.

ಸಂಜೆ ಫೋನು ತೆಗೆದು ನೋಡಿದೆ. ಹುಡುಕುವುದೇನೂ ಇರಲಿಲ್ಲ, ಕೇಳಿದ ಕೂಡಲೇ ಸಿಕ್ಕಿತು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಲ್ಲಿಂದ ದಾವಣಗೆರೆಗೆ ಹೋಯಿತು. ಮತ್ತೆ ಬಳ್ಳಾರಿಗೆ ಬಂತು. ಹೊಸ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ ಸೇರಿತು, ಅದರ ಕೇಂದ್ರ ಹೊಸಪೇಟೆ. ಊರು ಇದ್ದಲ್ಲೇ ಇತ್ತು, ಜಿಲ್ಲೆಗಳೇ ಬಂದು ಹೋಗಿದ್ದವು. ಮೇಸ್ತ್ರಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನನಗೆ ಒಂದು ರೀತಿ ಸಮಾಧಾನವೇ ಆಯಿತು. ಅವರಿಗೆ ಇದು ಗೊತ್ತಿಲ್ಲ, ತೋರಿಸಿದರೆ ಒಪ್ಪುತ್ತಾರೆ ಎಂದುಕೊಂಡು ಮರುದಿನ ಬ್ಯಾಂಕ್ ಮುಗಿಸಿ ನೇರ ಅವರ ಮನೆಗೆ ಹೋದೆ. ಹೆಂಡತಿ ಚಹ ತಂದಿಟ್ಟರು. ನಾನು ಫೋನು ಮುಂದೆ ಹಿಡಿದೆ. ಅವರು ಅದನ್ನು ನೋಡಲೂ ಇಲ್ಲ.

"ಗೊತ್ತಿತ್ರೀ. ನನಗ ಹೇಳಾಕ ಬಂದ್ರೇನು? ಹೋದ ರಾಜ್ಯೋತ್ಸವದ ಕ್ವಿಜ್‌ನ್ಯಾಗ ನಾನ ಕೇಳಿದ ಪ್ರಶ್ನೆ ಅದು. ಒಂದಿಂಚೂ ಅಲ್ಲಾಡದ ಮೂರು ಸಲ ಜಿಲ್ಲಾ ಬದಲಿ ಮಾಡಿದ ತಾಲೂಕು ಯಾವುದು? ಯಾರಿಗೂ ಬರಲಿಲ್ಲ."

ಕ್ವಿಜ್‌ನ ಆ ಹೊತ್ತಿಗೆ ನಾನು ಊಟದ ಸಾಲಿನಲ್ಲಿದ್ದಿರಬೇಕು, ಕೇಳಿರಲಿಲ್ಲ. "ಗೊತ್ತಿದ್ದೂ ಆ ಹುಡುಗಿನ್ನ ಸುಳ್ಳಿ ಅಂದ್ರೇನ್ರಿ?" ಎಂದೆ. ನನ್ನ ಧ್ವನಿ ಏರಿತ್ತು.

"ಅಕಿ ಹೇಳಬೇಕಿತ್ತು. ಪರೀಕ್ಷಾದಾಗ ಪರೀಕ್ಷಕ ಉತ್ತರ ಹೇಳಿಕೊಡತಾನೇನ್ರಿ?"

ಆ ಮಾತು ಕೇಳಿದಾಗ ನನ್ನ ಮೈ ಉರಿಯಿತು. ಈಗ ಬರೆಯುವಾಗಲೂ ಉರಿಯುತ್ತದೆ. ಊರು ಯಾವುದು ಎಂದು ಕೇಳುವುದು ನಮ್ಮಲ್ಲಿ ಪರೀಕ್ಷೆಯಲ್ಲ. ಪರಊರಲ್ಲಿ ನಮ್ಮವರು ಸಿಕ್ಕಾಗ ಕೂಡು, ನೀರು ಕುಡಿ ಎನ್ನುವ ಹಾಗೆ ಕೇಳುವ ಮಾತು ಅದು. ಆ ಮಾತನ್ನು ಈ ಮನುಷ್ಯ ಕೆಡಿಸಿ ಇಟ್ಟಿದ್ದರು. ಆದರೆ ಹುಡುಗಿಯ ಕೆಲಸ ಆಗಬೇಕಿತ್ತು. ಇನ್ನೊಂದು ಅವಕಾಶ ಕೊಡಿ ಎಂದು ಬೇಡಿಕೊಂಡೆ. ಅವರು ಪ್ರಸನ್ನರಾದರು.

"ಆತು. ಬರೂ ರವಿವಾರ ಕರಕೊಂಡ ಬರ್ರಿ. ಮೂವತ್ತೊಂದು ಜಿಲ್ಲಾ, ಕೇಂದ್ರ, ಎಲ್ಲಾ ಕಲತ ಬರಲಿ. ಆಮ್ಯಾಲ ನೋಡೋಣ."

ಹೊರಡುವಾಗ ಹೆಂಡತಿ ಗೇಟಿನವರೆಗೆ ಬಂದರು. ನನ್ನ ಹಣೆಗೆ ಕುಂಕುಮ ಹಚ್ಚುತ್ತ, "ಪರೀಕ್ಷಾ ತಗೊಳ್ಳಿಲ್ಲಂದ್ರ ಇವರಿಗೆ ಉಂಡ ಅನ್ನ ಸೇರಂಗಿಲ್ರೀ. ನನಗ ದಿನಾ ಐತಿ" ಎಂದು ಸಣ್ಣ ದನಿಯಲ್ಲಿ ಹೇಳಿದರು.

ರವಿವಾರ ನಸುಕಿನ ಬಸ್ಸಿಗೆ ಅಪ್ಪ ಮಗಳು ಮತ್ತೆ ಬಂದರು. ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುವಾಗಲೂ ಹುಡುಗಿಯ ತುಟಿ ಆಡುತ್ತಲೇ ಇತ್ತು. ಅವಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಎಲ್ಲವನ್ನೂ ಬಾಯಿಪಾಠ ಮಾಡಿದ್ದಳು.

ಅವರು ತಮ್ಮ ಮನೆಯಲ್ಲಿ ಕುರ್ಚಿಯಲ್ಲಿ ಕೂತು, ಹುಡುಗಿಯನ್ನು ಎದುರಿಗೆ ನಿಲ್ಲಿಸಿ ಕೇಳಿದರು. ಉತ್ತರ ಕನ್ನಡ? ಕಾರವಾರ್ರೀ. ಕೊಡಗು? ಮಡಿಕೇರಿ. ವಿಜಯನಗರ? ಹೊಸಪೇಟಿ. ಹಿಂದೆ ಮುಂದೆ ಮಾಡಿ ಕೇಳಿದರು, ಎರಡೆರಡು ಸಲ ಕೇಳಿದರು. ಒಂದೂ ತಪ್ಪಲಿಲ್ಲ. ಹರಪನಹಳ್ಳಿ ಯಾವ ಯಾವ ಜಿಲ್ಲೆಯಲ್ಲಿತ್ತು ಎಂದು ಕೇಳಿದಾಗ ಗಿಣಿಯಂತೆ ಒಪ್ಪಿಸಿದಳು. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಏ ಗದಗ, ಪೇಢೆ ತಾ!" ಎಂದು ಕೂಗಿದರು. ಧಾರವಾಡ ಪೇಢೆಯ ಡಬ್ಬಿಯಿಂದ ಒಂದನ್ನು ಎತ್ತಿ ಹುಡುಗಿಯ ಕೈಯಲ್ಲಿಟ್ಟರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಹೌದು, ನೀರು ಬಂದಿತ್ತು. ನಾನು ಇದನ್ನು ಅವರ ಪರವಾಗಿ ಹೇಳುತ್ತಿಲ್ಲ.

ಮೇಸ್ತ್ರಿ ಕೈಕಟ್ಟಿಕೊಂಡು, "ಹಂಗಾರ ಮಗಳ್ನ ಯಾವತ್ತು ತಂದು ಬಿಡ್ಲಿರೀ ಸಾಹೇಬ್ರ?" ಎಂದು ಕೇಳಿದ.

"ಎಲ್ಲಿ ಬಿಡತೀ? ಹಾಸಿಗಿ ತುಂಬಿದ್ವು. ಮುಂದಿನ ವರ್ಷ ಅರ್ಜಿ ಹಾಕು. ಏ ಹುಡುಗಿ, ಅಲ್ಲೀತನಕಾ ಇದನ್ನ ಮರೀಬ್ಯಾಡ ಮತ್ತ."

ನಾನು ಎದ್ದು ನಿಂತೆ. ಸಮಿತಿಯಲ್ಲಿ ನನ್ನನ್ನು ಕೇಳದೆ ಹಾಸಿಗೆ ಯಾರಿಗೆ ಕೊಟ್ಟಿರಿ, ಇವಳನ್ನು ನೀವೇ ಕರೆಸಿದಿರಲ್ಲ ಎಂದೆ. "ನೋಡೋಣ ಅಂದಿದ್ದೆ. ಕೊಡತೀನಿ ಅಂದಿದ್ನೇನ್ರೀ ಹುಬ್ಬಳ್ಳಿ ಬಾಯಿ?" ಎಂದು ಕಣ್ಣು ಮುಚ್ಚಿಕೊಂಡು ನಕ್ಕರು. ಕೊಟ್ರಮ್ಮ ಪೇಢೆಯನ್ನು ತಿನ್ನಲಿಲ್ಲ, ಬಿಸಾಡಲೂ ಇಲ್ಲ. ಬಸ್‌ಸ್ಟ್ಯಾಂಡಿನವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು.

ನಮ್ಮ ಮನೆಯಲ್ಲೇ ಇರಲಿ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದೆ. ಮೇಸ್ತ್ರಿ ನನಗೂ ಕೈಮುಗಿದ. "ಅಕ್ಕಾರ, ನಿಮ್ದು ದೊಡ್ಡ ಮನಸ್ಸು. ಆದ್ರ ನಿಮ್ಮನ್ನ ನಾಳೆ ಯಾವ ಊರಿಗೆ ಹಾಕ್ತಾರೋ, ನಡುವಾ ಇಕೀನ ಎಲ್ಲಿಗೆ ಕಳಸ್ಲಿ?" ಅವನು ಅಂದಂತೆಯೇ ಆ ಚಳಿಗಾಲದಲ್ಲಿ ನನಗೆ ನಾಸಿಕ್‌ಗೆ ಮತ್ತೆ ವರ್ಗವಾಯಿತು. ಅದಕ್ಕೆ ಮೊದಲೇ, ಕಾಲೇಜು ಸುರುವಾಗಿ ಸೀಟು ಕೈಬಿಟ್ಟುಹೋಗಿ, ಕೊಟ್ರಮ್ಮನ ಮದುವೆಯೂ ಗೊತ್ತಾಗಿತ್ತು. ಗಂಡ ರಸ್ತೆ ಕೆಲಸದವನು. ಈಗ ಸಂಭಾಜಿನಗರದ ಸೀಮೆಯ ಗಂಗಾಪುರದ ಕಡೆ ಇದ್ದಾರೆ, ಇವಳು ಕೆಲಸದವರಿಗೆಲ್ಲ ಅ‌ಡುಗೆ ಮಾಡುತ್ತಾಳೆ.

ವರ್ಗವಾಗುವ ಮುಂಚೆ, ದಸರಾ ಹೊತ್ತಿಗೆ, ವಸತಿಗೃಹಕ್ಕೆ ಹೋಗಿದ್ದೆ. ಹುಡುಗಿಯರ ಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚ ಖಾಲಿ ಇತ್ತು. ಗಾದಿ ಸುತ್ತಿ ಗೋಡೆಗೆ ನಿಲ್ಲಿಸಿದ್ದರು. ಹಲಗೆಯ ಮೇಲೆ ಟ್ರಂಕು, ಬಕೀಟು ಪೇರಿಸಿದ್ದರು. ಇದು ಯಾರದು ಎಂದು ಮೇಲ್ವಿಚಾರಕಿಯನ್ನು ಕೇಳಿದೆ. "ಸಾಹೇಬರು ಯಾರನ್ನೂ ಕಳಿಸಲಿಲ್ಲ ಮ್ಯಾಡಂ" ಎಂದಳು. ಆ ದಿನವೇ ನಾನು ಸಮಿತಿ ಬಿಟ್ಟೆ. ಆ ವರ್ಷವಿಡೀ ಆ ಮಂಚದಲ್ಲಿ ಯಾರೂ ಮಲಗಲಿಲ್ಲ.

ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಸುದ್ದಿ ಬಂದಾಗ ಅವರು ಹಾಸಿಗೆ ಹಿಡಿದಿದ್ದರೂ ಎದ್ದು ಕೂತು ನಕ್ಕರಂತೆ. ಕೇಂದ್ರ ಮಾತ್ರ ರಾಮನಗರವೇ ಉಳಿಯಿತಲ್ಲ! ಗುಂಪಿಗೆ ತಮ್ಮ ದನಿಯಲ್ಲೇ ಸಂದೇಶ ಕಳಿಸಿದ್ದರು. ನಾನು ಕೇಳಲಿಲ್ಲ.

ಶ್ರದ್ಧಾಂಜಲಿ ಸಭೆಗೆ ನಾನು ಸಂಭಾಜಿನಗರಕ್ಕೆ ಹೋದದ್ದು ಅವರ ಹೆಂಡತಿಗಾಗಿ. ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತು ಅವರ ಹೆಸರು ಕೇಳಿದೆ. ಶಾಂತಾ ಎಂದರು. ಇಷ್ಟು ವರ್ಷದಲ್ಲಿ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಖಜಾಂಚಿ ಮೈಕು ಹಿಡಿದ. ಗಾರೆ ಕೆಲಸದವನ ಮಗಳೊಬ್ಬಳಿಗೆ, ಕನ್ನಡ ಅಕ್ಷರವೂ ಬಾರದ ಹುಡುಗಿಗೆ, ಸಾಹೇಬರು ಮೂವತ್ತೊಂದು ಜಿಲ್ಲೆಗಳನ್ನೂ ಕೇಂದ್ರಗಳನ್ನೂ ಬಾಯಿಪಾಠ ಮಾಡಿಸಿ ಪೇಢೆ ತಿನ್ನಿಸಿದ ಕಥೆ ಹೇಳಿದ. ಅವರೇ ಪ್ರತಿ ರಾಜ್ಯೋತ್ಸವದಲ್ಲಿ ಹೇಳುತ್ತಿದ್ದ ಕಥೆ. ಜನ ಕಣ್ಣೊರೆಸಿಕೊಂಡರು. ನಾನು ಕೂತಲ್ಲಿಂದಲೇ, "ಆ ಹುಡುಗಿಗೆ ಹಾಸಿಗಿ ಸಿಕ್ತೇನ್ರಿ? ಅದನ್ನೂ ಹೇಳ್ರಿ" ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಖಜಾಂಚಿ ಮೈಕು ಸರಿಮಾಡಿಕೊಂಡು, "ಮ್ಯಾಡಂ, ಇದು ಶ್ರದ್ಧಾಂಜಲಿ ಸಭೆ" ಎಂದ. ಶಾಂತಾ ಅವರು ತಲೆ ತಿರುಗಿಸಲಿಲ್ಲ. ನನ್ನ ಕೈ ಮಾತ್ರ ಬಿಗಿಯಾಗಿ ಹಿಡಿದರು.

ಮನೆಗೆ ಬಂದು ಕೊಟ್ರಮ್ಮನಿಗೆ ಫೋನು ಮಾಡಿದೆ. ಹಿಂದಿನಿಂದ ಕುಕ್ಕರಿನ ಸೀಟಿ, ಕೂಸಿನ ಅಳು ಕೇಳುತ್ತಿತ್ತು.

"ಅವರು ತೀರಿಕೊಂಡ್ರವಾ."

"ಯಾರ್ರೀ ಅಕ್ಕಾರ?"

"ನಿನಗ ಜಿಲ್ಲಾ ಕೇಳಿದವರು."

"ಅಯ್ಯ, ಪಾಪ" ಎಂದಳು. ನನಗೆ ಸಿಟ್ಟು ಬಂತು. ಪಾಪ ಅನ್ನಬೇಡ ಎಂದು ಹೇಳುವಷ್ಟರಲ್ಲಿ ಅವಳೇ ಕೇಳಿದಳು.

"ಅಕ್ಕಾರ, ಒಂದು ಕೇಳ್ಲೇನ್ರಿ? ಆ ಹಾಸಿಗಿ ಸಿಕ್ಕಿತ್ತಲ್ರಿ ಒಬ್ಬಾಕಿಗೆ, ಆಕಿ ನರ್ಸ್ ಆದ್ಲೇನ್ರಿ? ಕಧೀ ಕಧೀ, ಯಾವಾಗರ ಒಮ್ಮೆ, ನೆಪ್ಪಾಗ್ತೈತ್ರಿ. ನಮ್ಮ ಕಡೀ ಹುಡುಗೀನ ಅಲ್ರಿ ಆಕೀನೂ. ನಾ ಆಗದಿದ್ರ ಹೋಗ್ಲಿ, ಆಕ್ಯಾರ ಆಗಿರ್ತಾಳಂತ ಮನಸ್ಸಿಗೆ ಹೇಳ್ಕೋತೀನ್ರಿ."

ಗೋಡೆಗೆ ನಿಲ್ಲಿಸಿದ ಗಾದಿ, ಅದರ ಮುಂದಿನ ಬಕೀಟುಗಳು ನನ್ನ ಕಣ್ಣಿಗೆ ಕಟ್ಟಿದವು.

"ಆಗ್ಯಾಳವಾ" ಎಂದೆ. "ದೊಡ್ಡ ದವಾಖಾನ್ಯಾಗ ಅದಾಳ."

"ಬರಂ ಝಾಲಂ" ಎಂದಳು. ಒಳ್ಳೆಯದಾಯಿತು ಎಂದು ಅರ್ಥ. ಅವಳ ದನಿಯಲ್ಲಿ ನಿಜವಾಗಿಯೂ ಸಂತೋಷವಿತ್ತು. ಕೂಸು ಜೋರಾಗಿ ಅಳತೊಡಗಿತು, ಅವಳು ಫೋನು ಇಟ್ಟಳು.